ತಲೆನೋವಲ್ಲ, ತಲೆಭಾರ

2019ರ ಸೆಪ್ಟೆಂಬರ್‌ನಲ್ಲಿ ನಾನು ಎರಡು ಕಡೆ ಎರಡು ಥರ ಹೇಳಿದ್ದೆ. ಆಫೀಸಿನಲ್ಲಿ ಟ್ರೆಕ್ಕಿಂಗ್ ಅಂದೆ. ಮನೆಯಲ್ಲಿ ನೇಪಾಳದ ಮುಕ್ತಿನಾಥ ಯಾತ್ರೆ ಅಂದೆ. ಎರಡೂ ನಿಜವೇ. ಆದರೆ ದೇವಸ್ಥಾನ ಅಂದಿದ್ದರೆ ಆಫೀಸಿನವರು ನಗುತ್ತಿದ್ದರು. ಆ ದೇವಸ್ಥಾನಕ್ಕೆ ನಾನು ಥೊರಾಂಗ್ ಲಾ ಪಾಸ್ ಅನ್ನೋ 5416 ಮೀಟರ್ ಎತ್ತರದ ಘಟ್ಟ ಹತ್ತಿ, ಹಿಂದಿನ ಕಡೆಯಿಂದ ಇಳಿದು ಹೋಗ್ತೀನಿ, ಅದೂ ಒಬ್ಬಳೇ, ಅಂದಿದ್ದರೆ ಅಮ್ಮ ಅಳುತ್ತಿದ್ದಳು.

ಹೊರಡುವ ವಾರ ಅಮ್ಮನಿಗೆ ಗೊತ್ತಾಯಿತು. ನಾನೇ ಹೇಳಿದ್ದಲ್ಲ. ಹನುಮಂತನಗರದ ನಮ್ಮ ಮನೆಯ ಊಟದ ಮೇಜಿನ ಮೇಲೆ ಒಂದು ಚೀಟಿ ಬರೆದಿಟ್ಟು ಸ್ನಾನಕ್ಕೆ ಹೋಗಿದ್ದೆ. ವಾಪಸ್ ಬಂದರೆ ಅಮ್ಮ ಕನ್ನಡಕ ಹಾಕಿಕೊಂಡು ಅದನ್ನು ಓದುತ್ತಾ ಕೂತಿದ್ದಳು. "ಯಾತ್ರೆಗೆ ಹೋಗೋರು ಇದನ್ನೆಲ್ಲ ಬರ್ಕೊಂಡು ಹೋಗ್ತಾರಾ?" ಅಂದಳು.

ಚೀಟಿಯಲ್ಲಿ ಇದ್ದದ್ದು ನಾಲ್ಕೇ ಸಾಲು. ತಲೆನೋವಿದ್ದರೆ ಮೇಲಕ್ಕಿಲ್ಲ, ಕಾರಣ ಹುಡುಕಬೇಡ. ಬೆಳಿಗ್ಗೆ ಹತ್ತಕ್ಕೆ ಪಾಸ್ ಮುಟ್ಟದಿದ್ದರೆ ವಾಪಸ್. ಹಿಮ ಬೀಳ್ತಿದ್ದರೆ ರೂಮಿನಲ್ಲೇ ಕೂತಿರು. ನಾಳೆ ಯಾವ ಊರು ಅಂತ ದಿನಾ ಸಂಜೆ ಒಬ್ಬರಿಗಾದರೂ ಹೇಳು.

ಅಮ್ಮ ಜಾಸ್ತಿ ಮಾತಾಡಲಿಲ್ಲ. ಹಾಲಿನ ಲೆಕ್ಕ ಬರೆಯುವ ಬಾಲ್‌ಪೆನ್ ತಗೊಂಡು ಕೆಳಗೆ ಒಂದು ಸಾಲು ಸೇರಿಸಿದಳು: ಹಸಿವಿಲ್ಲ ಅಂತ ಊಟ ಬಿಡಬೇಡ.

ಈ ಚೀಟಿ ಯಾಕೆ ಅಂತ ಹೇಳಬೇಕು. ಎತ್ತರದ ಜಾಗದಲ್ಲಿ ಗಾಳಿ ತೆಳ್ಳಗಾದಾಗ ಮೊದಲು ಮಂಕಾಗೋದು ಕಾಲಲ್ಲ, ತಲೆ. ಇಬ್ಬರು ಜೊತೆಯಲ್ಲಿದ್ದರೆ ಒಬ್ಬರು ಇನ್ನೊಬ್ಬರ ಮುಖ ನೋಡಿ "ಯಾಕೋ ನೀನು ಸರಿ ಇಲ್ಲ, ಇಳಿ" ಅನ್ನಬಹುದು. ಒಬ್ಬಳೇ ಹೋದರೆ ರೋಗಿಯೂ ನಾನೇ, ಡಾಕ್ಟರೂ ನಾನೇ. ಆ ಡಾಕ್ಟರ್ ಯೋಚನೆ ಮಾಡಬೇಕಾದ್ದೂ ರೋಗಿಯ ತಲೆಯಿಂದಲೇ. ಹಾಗಾಗಿ ಬುದ್ಧಿ ನೆಟ್ಟಗಿರುವಾಗಲೇ, ಬೆಂಗಳೂರಿನ 900 ಚಿಲ್ಲರೆ ಮೀಟರ್ ಎತ್ತರದಲ್ಲಿ ಫ್ಯಾನ್ ಕೆಳಗೆ ಕೂತು, ಅಲ್ಲಿ ಮೇಲಿರುವವಳಿಗೆ ಆರ್ಡರ್ ಬರೆದಿಟ್ಟೆ. ಹದಿನೆಂಟು ವರ್ಷ ಅಕೌಂಟ್ಸ್‌ನಲ್ಲಿ ಇದ್ದವಳು ನಾನು. ವೋಚರ್ ಬರೆದವರೇ ಪಾಸ್ ಮಾಡಬಾರದು ಅನ್ನೋದು ರಕ್ತದಲ್ಲೇ ಇದೆ.

ಮೂರನೇ ಸಾಲಿಗೆ ಒಂದು ಹಿನ್ನೆಲೆ ಇದೆ. "ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ" ಅಂತ ಪೇಪರಿನಲ್ಲಿ ಬಂದರೆ ನಾವಿಲ್ಲಿ ಬಟ್ಟೆ ಒಣಗಲ್ಲ ಅಂತ ಬೈದುಕೊಳ್ಳುತ್ತೇವೆ, ಅಷ್ಟೇ. 2014ರ ಅಕ್ಟೋಬರ್ 12ರಂದು ಹುಡ್‌ಹುಡ್ ಚಂಡಮಾರುತ ವಿಶಾಖಪಟ್ಟಣಕ್ಕೆ ಅಪ್ಪಳಿಸಿತು. ಅದರ ಉಳಿದ ಮೋಡ ಉತ್ತರಕ್ಕೆ ಹೋಗಿ, ಎರಡೇ ದಿನದಲ್ಲಿ ನಾನು ಹೋಗಬೇಕಿದ್ದ ಅನ್ನಪೂರ್ಣಾ ಸೀಮೆಯ ಮೇಲೆ ಹಿಮವಾಗಿ ಸುರಿಯಿತು. ಥೊರಾಂಗ್ ಲಾ ಸುತ್ತಮುತ್ತ ಮತ್ತು ಪಕ್ಕದ ಧವಳಗಿರಿ ಕಡೆ ಸೇರಿ ಕನಿಷ್ಠ 43 ಜನ ಸತ್ತರು. ಚಾರಣಿಗರು, ಗೈಡ್‌ಗಳು, ಕುರಿ-ಯಾಕ್ ಕಾಯುವವರು. ವರ್ಷದ ಅತಿ ಒಳ್ಳೆಯ ತಿಂಗಳು ಅಂತ ಎಲ್ಲರೂ ನಂಬುವ ಅಕ್ಟೋಬರ್ ಅದು.

ತಯಾರಿ ಬಗ್ಗೆ ಹೇಳೋಕೆ ಜಾಸ್ತಿ ಇಲ್ಲ. ಬ್ಯಾಗಿಗೆ ತೊಗರಿಬೇಳೆ ಪ್ಯಾಕೆಟ್‌ಗಳನ್ನು ತುಂಬಿಕೊಂಡು ನಮ್ಮ ಬಿಲ್ಡಿಂಗಿನ ನಾಲ್ಕು ಮಹಡಿ ಹತ್ತಿ ಇಳಿದೆ, ಎರಡು ತಿಂಗಳು. "ಯಾಕೆ ಮೇಡಂ, ಲಿಫ್ಟ್ ಕೆಟ್ಟಿದೆಯಾ?" ಅಂತ ವಾಚ್‌ಮನ್ ಕೇಳಿದ. ಭಾನುವಾರ ಸುಲ್ತಾನಪೇಟೆ ಕಡೆಯ ಮೆಟ್ಟಿಲಿನಿಂದ ನಂದಿ ಬೆಟ್ಟ. ಒಮ್ಮೆ ಕುಮಾರ ಪರ್ವತ. ಇವೆಲ್ಲ ಕಾಲಿಗೆ ಒಳ್ಳೆಯದು. ಎತ್ತರದ ವಿಷಯಕ್ಕೆ ಉಪಯೋಗವಿಲ್ಲ. ನಂದಿ 1478 ಮೀಟರ್, ಕುಮಾರ ಪರ್ವತ 1712. ನಮ್ಮ ರಾಜ್ಯದಲ್ಲೇ ಎತ್ತರದ ಮುಳ್ಳಯ್ಯನಗಿರಿಯೂ 2000 ಮುಟ್ಟುವುದಿಲ್ಲ. ನಾನು ಹೋಗುವ ದಾರಿಯಲ್ಲಿ ಮೂರನೇ ದಿನವೇ ಅದಕ್ಕಿಂತ ಮೇಲಿರುತ್ತೇನೆ.

ಅನ್ನಪೂರ್ಣಾ ಸರ್ಕಿಟ್ ಅಂದರೆ ಅನ್ನಪೂರ್ಣಾ ಪರ್ವತಗಳಿಗೆ ಒಂದು ದೊಡ್ಡ ಪ್ರದಕ್ಷಿಣೆ. ಒಂದು ಕಡೆ ಮರ್ಸ್ಯಾಂಗ್ದಿ ನದಿ ಹಿಡಿದು ಹತ್ತಬೇಕು. ಇನ್ನೊಂದು ಕಡೆ ಕಾಳಿ ಗಂಡಕಿ ಹಿಡಿದು ಇಳಿಯಬೇಕು. ಎರಡಕ್ಕೂ ನಡುವಿನ ಗೋಡೆಯಲ್ಲಿರುವ ತಗ್ಗೇ ಥೊರಾಂಗ್ ಲಾ. ಪಾಸ್ ಅಂದರೆ ಶಿಖರವಲ್ಲ, ಎರಡು ಶಿಖರಗಳ ನಡುವೆ ನುಸುಳುವ ಜಾಗ. ನಮ್ಮ ಚಾರ್ಮಾಡಿ, ಶಿರಾಡಿ ಇದ್ದ ಹಾಗೆ. ಬಸ್ಸಿಲ್ಲ, ಅರ್ಧ ಗಾಳಿ ಇಲ್ಲ, ಅಷ್ಟೇ ವ್ಯತ್ಯಾಸ.

ಕಠ್ಮಂಡುವಿನಿಂದ ಬೇಸಿಸಹರ್‌ವರೆಗಿನ ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ದಸೈಂ ಹಬ್ಬಕ್ಕೆ ಎಲ್ಲರೂ ಊರಿಗೆ ಹೊರಟಿದ್ದರು. ದಸೈಂ ಅಂದರೆ ನಮ್ಮ ದಸರಾನೇ. ಬ್ಯಾಗು, ಕೋಳಿ, ಹೊಸ ಬಟ್ಟೆಯ ಮಕ್ಕಳು. ಹಬ್ಬದ ಹಿಂದಿನ ದಿನ ಮೆಜೆಸ್ಟಿಕ್‌ನಲ್ಲಿ ನಿಂತ ಹಾಗೇ ಇತ್ತು. ಇಂಡಿಯಾದ ನೂರು ರೂಪಾಯಿಗೆ ನೂರಾ ಅರವತ್ತು ನೇಪಾಳಿ ರೂಪಾಯಿ. ಪಕ್ಕದಲ್ಲಿ ಕೂತಿದ್ದ ಅಜ್ಜ ಆ ಲೆಕ್ಕವನ್ನು ನನಗಿಂತ ಬೇಗ ಮಾಡುತ್ತಿದ್ದ.

ನಡಿಗೆಯ ಎರಡನೇ ದಿನ ವಿಜಯದಶಮಿ. ಅಕ್ಟೋಬರ್ 8. ಕೆಳಗಿನ ಊರುಗಳಲ್ಲಿ ಎತ್ತರದ ಬಿದಿರು ನೆಟ್ಟು, ತುದಿಗಳನ್ನು ಕಟ್ಟಿ ಉಯ್ಯಾಲೆ ಹಾಕಿದ್ದರು. ಸೆಕೆ, ಭತ್ತದ ಗದ್ದೆ, ಬಾಳೆ. ಹಿಮಾಲಯ ಅಂತ ನಂಬಿಸೋಕೆ ಒಂದು ಬಿಳಿ ಚುಕ್ಕೆಯೂ ಇಲ್ಲ. ಲಾಡ್ಜಿನ ದೀದಿ ಅಕ್ಕಿ, ಮೊಸರು, ಕೆಂಪು ಕಲಸಿ ನನ್ನ ಹಣೆಗೆ ದಪ್ಪಗೆ ಹಚ್ಚಿದಳು. ಅದು ಒಣಗಿ, ಮಧ್ಯಾಹ್ನ ಹತ್ತುವಾಗ ಬೆವರಿಗೆ ಒಂದೊಂದೇ ಕಾಳು ಉದುರಿ ಮೂಗಿನ ಮೇಲೆ ಬೀಳುತ್ತಿತ್ತು.

ಈಗ ಆ ಕಣಿವೆಯಲ್ಲಿ ಜೀಪ್ ರಸ್ತೆ ಮನಾಂಗ್‌ವರೆಗೂ ಹೋಗಿದೆ. ಧೂಳು ಬೇಡ ಅನ್ನೋರಿಗೆ ನದಿಯ ಆಚೆ ದಡದಲ್ಲಿ ಕಾಲುದಾರಿ ಇದೆ. ಕಲ್ಲಿನ ಮೇಲೆ, ಮರದ ಮೇಲೆ ಕೆಂಪು-ಬಿಳಿ ಪಟ್ಟೆ ಹೊಡೆದಿರುತ್ತಾರೆ. ಆ ಪಟ್ಟೆಯೇ ನನ್ನ ಜೊತೆಗಾರ. ಹತ್ತು ನಿಮಿಷ ಪಟ್ಟೆ ಕಾಣದಿದ್ದರೆ ಹೊಟ್ಟೆಯೊಳಗೆ ಏನೋ ಆಗುತ್ತಿತ್ತು. ಮತ್ತೆ ಕಂಡಾಗ "ಬಂದ್ಯಾ" ಅಂತ ಜೋರಾಗಿ ಕನ್ನಡದಲ್ಲೇ ಕೇಳುತ್ತಿದ್ದೆ. ಒಬ್ಬಳೇ ಇದ್ದರೆ ಹೀಗೆಲ್ಲ ಆಗುತ್ತೆ. ನಾಲ್ಕನೇ ದಿನದಿಂದ ನಾಚಿಕೆಯೂ ಹೋಗುತ್ತೆ.

ಪಿಸಾಂಗ್‌ವರೆಗೆ ಎಲ್ಲ ಸಲೀಸು. ಅಲ್ಲಿಂದ ಘ್ಯಾರು ಅನ್ನೋ ಊರಿಗೆ ಹತ್ತುವ ಏರಿನಲ್ಲಿ ಮೊದಲ ಬಾರಿಗೆ ಎತ್ತರ ಅಂದರೇನು ಅಂತ ಗೊತ್ತಾಯಿತು. ಕಾಲು ನೋಯುತ್ತಿಲ್ಲ, ಆದರೆ ಇಪ್ಪತ್ತು ಹೆಜ್ಜೆಗೆ ನಿಲ್ಲಬೇಕು. ಬ್ಯಾಗು ಒಂಬತ್ತೇ ಕೇಜಿ. ಉಸಿರು ಎಳೆದುಕೊಂಡಷ್ಟೂ ಸಾಲದು. ಊರು ಮುಟ್ಟಿ ತಿರುಗಿ ನೋಡಿದರೆ ಎದುರಿಗೆ ಅನ್ನಪೂರ್ಣಾ 2, ಅಡ್ಡಗೋಡೆಯ ಹಾಗೆ. ಹತ್ತು ನಿಮಿಷ ಅಲ್ಲೇ ಕೂತು ಚಕ್ಕುಲಿ ತಿಂದೆ. ಮನೆಯಿಂದ ತಂದ ಚಕ್ಕುಲಿ ಆ ಹೊತ್ತಿಗೆ ಪುಡಿಯಾಗಿತ್ತು.

ಮನಾಂಗ್‌ನಲ್ಲಿ, ಅಂದರೆ ಸುಮಾರು 3500 ಮೀಟರ್‌ನಲ್ಲಿ, ಎಲ್ಲರೂ ಒಂದು ದಿನ ಜಾಸ್ತಿ ನಿಲ್ಲುತ್ತಾರೆ. ನಿಲ್ಲಲೇಬೇಕು. ಅಲ್ಲಿ ಹಿಮಾಲಯನ್ ರೆಸ್ಕ್ಯೂ ಅಸೋಸಿಯೇಷನ್‌ನ ಪುಟ್ಟ ಆಸ್ಪತ್ರೆ ಇದೆ. ಸೀಸನ್‌ನಲ್ಲಿ ಮಧ್ಯಾಹ್ನದ ಹೊತ್ತು ಡಾಕ್ಟರ್‌ಗಳು ಎತ್ತರದ ಕಾಯಿಲೆ ಬಗ್ಗೆ ಪಾಠ ಮಾಡುತ್ತಾರೆ. 3000 ಮೀಟರ್ ದಾಟಿದ ಮೇಲೆ ಮಲಗುವ ಜಾಗವನ್ನು ದಿನಕ್ಕೆ 500 ಮೀಟರ್‌ಗಿಂತ ಜಾಸ್ತಿ ಏರಿಸಬಾರದು. ತಲೆನೋವು, ವಾಕರಿಕೆ, ಊಟ ಸೇರದಿರೋದು ಶುರುವಾದರೆ ಅಲ್ಲೇ ನಿಲ್ಲಬೇಕು. ಕಡಿಮೆಯಾಗದಿದ್ದರೆ ಇಳಿಯಬೇಕು. ಸುಮ್ನೆ ಕೂತಾಗಲೂ ಏದುಸಿರು ಬಂದರೆ ಶ್ವಾಸಕೋಶದಲ್ಲಿ ನೀರು ತುಂಬುತ್ತಿರಬಹುದು. ನೆಲದ ಮೇಲೆ ಒಂದು ಗೆರೆಯಲ್ಲಿ ಹಿಮ್ಮಡಿಗೆ ಬೆರಳು ತಾಗಿಸುತ್ತಾ ನಡೆಯಲಾಗದಿದ್ದರೆ ಮಿದುಳು ಊದಿಕೊಳ್ಳುತ್ತಿರಬಹುದು. ಆಗ ಬೆಳಗಾಗಲಿ ಅಂತ ಕಾಯೋ ಹಾಗಿಲ್ಲ. ರಾತ್ರಿಯಾದರೂ ಇಳಿಯಬೇಕು.

ಪಾಠ ಮುಗಿದ ಮೇಲೆ ಕೈ ಎತ್ತಿ ಕೇಳಿದೆ, ಒಬ್ಬಳೇ ಬಂದಿದ್ದೀನಿ, ನನ್ನನ್ನು ನೋಡೋರು ಯಾರು ಅಂತ. ಲಾಡ್ಜಿನವರಿಗೆ ಹೇಳಿಡಿ, ಬೆಳಿಗ್ಗೆ ಬಾಗಿಲು ತಟ್ಟಲಿ ಅಂದರು. ಜೊತೆಗೆ ನಾನೇ ಒಂದು ಪರೀಕ್ಷೆ ಇಟ್ಟುಕೊಂಡೆ. ಹದಿಮೂರರ ಮಗ್ಗಿ. ಚಿಕ್ಕವಳಿದ್ದಾಗ ಅಮ್ಮ ದೀಪ ಹಚ್ಚಿದ ಮೇಲೆ ಹೇಳಿಸುತ್ತಿದ್ದಳಲ್ಲ, ಅದೇ. ಸಂಜೆ ಹಾಸಿಗೆಯ ಮೇಲೆ ಕೂತು ತಡವರಿಸದೆ ಹೇಳಬೇಕು. ಮನಾಂಗ್‌ನಲ್ಲಿ ನೂರಾ ಮೂವತ್ತರವರೆಗೆ ನೀರು ಕುಡಿದ ಹಾಗೆ ಬಂತು.

ಯಾಕ್ ಖರ್ಕ ದಾಟಿ ಥೊರಾಂಗ್ ಫೇದಿ ಮುಟ್ಟಿದೆ. ಸುಮಾರು 4450 ಮೀಟರ್. ಫೇದಿ ಅಂದರೆ ಬೆಟ್ಟದ ಬುಡ. ಲಾಡ್ಜಿನೊಳಗೆ ಕಾಲಿಟ್ಟಾಗ ಕೇಳಿದ್ದು ಕುಕ್ಕರ್ ವಿಷಲ್! ಆ ಎತ್ತರದಲ್ಲಿ ನೀರು ಸುಮಾರು 85 ಡಿಗ್ರಿಗೇ ಕುದಿಯುತ್ತೆ. ಬರೀ ಪಾತ್ರೆಯಲ್ಲಿ ಬೇಳೆ ಬೇಯಿಸುತ್ತಾ ಕೂತರೆ ರಾತ್ರಿಯಾಗುತ್ತೆ. ಕುಕ್ಕರ್ ಇಲ್ಲದೆ ದಾಲ್-ಭಾತ್ ಇಲ್ಲ. ಹೊರಗೆ ಬರೀ ಕಲ್ಲು, ಬೂದು ಬಣ್ಣ, ಗಾಳಿ. ಒಳಗೆ ನಮ್ಮ ಬೀದಿಯ ಬೆಳಿಗ್ಗೆ ಎಂಟು ಗಂಟೆಯ ಸದ್ದು. ಮೂರು ವಿಷಲ್ ಎಣಿಸಿ "ಆಫ್ ಮಾಡಿ" ಅನ್ನೋಕೆ ಬಾಯಿ ತೆರೆದಿದ್ದೆ.

ಮಾರನೆಯ ದಿನ ನಾನೂರು ಮೀಟರ್ ಹತ್ತಿ ಹೈ ಕ್ಯಾಂಪ್‌ಗೆ ಬಂದೆ. ಎರಡೇ ತಾಸು. ಮಧ್ಯಾಹ್ನ ಹನ್ನೆರಡಕ್ಕೆಲ್ಲ ರೂಮು ಸಿಕ್ಕಿತು. ಇಲ್ಲಿ ಮಲಗಿ, ಬೆಳಗಿನ ಜಾವ ಎದ್ದು ಪಾಸ್ ದಾಟೋದು ಅಂತ ಪ್ಲಾನ್.

ಎರಡು ಗಂಟೆಗೆ ಹಣೆಯ ಎಡಗಡೆ ಏನೋ ಶುರುವಾಯಿತು.

ಬಿಸಿಲು ಜಾಸ್ತಿ ಆಯ್ತು ಅಂದುಕೊಂಡೆ. ನೀರು ಕಡಿಮೆ ಕುಡಿದೆ ಅಂದುಕೊಂಡು ಒಂದು ಲೀಟರ್ ಕುಡಿದೆ. ಟೋಪಿ ಬಿಗಿಯಾಗಿದೆ ಅಂತ ತೆಗೆದೆ. ಮೂರು ಗಂಟೆಗೆ ಚೀಟಿ ತೆಗೆದು ನೋಡಿದೆ. ತಲೆನೋವಿದ್ದರೆ ಮೇಲಕ್ಕಿಲ್ಲ. ಸರಿ, ಆದರೆ ಇದು ತಲೆನೋವಾ? ನೋವು ಅಂದರೆ ಚುಚ್ಚಬೇಕು, ಸಿಡಿಯಬೇಕು. ಇದು ಬರೀ ಭಾರ. ತಲೆಭಾರ. ಚೀಟಿಯಲ್ಲಿ ತಲೆಭಾರದ ಬಗ್ಗೆ ಏನೂ ಬರೆದಿಲ್ಲವಲ್ಲ!

ಆ ಕ್ಷಣ ನನಗೆ ಎಷ್ಟು ಖುಷಿಯಾಯಿತು ಅಂದರೆ, ಟ್ಯಾಕ್ಸ್‌ನಲ್ಲಿ ಒಂದು ವಿನಾಯಿತಿ ಸಿಕ್ಕಿದ ಹಾಗೆ. ಇವತ್ತು ಅದನ್ನು ನೆನೆದರೆ ಮೈ ಜುಂ ಅನ್ನುತ್ತೆ. ನಾನು ಪೂರ್ತಿ ಎಚ್ಚರದಲ್ಲಿದ್ದೆ, ಚೆನ್ನಾಗಿ ವಾದ ಮಾಡುತ್ತಿದ್ದೆ, ಒಂದೊಂದು ಮಾತೂ ಸರಿಯಾಗೇ ಕೇಳುತ್ತಿತ್ತು.

ಊಟದ ಹಾಲ್‌ಗೆ ಹೋಗಿ ಬೆಳ್ಳುಳ್ಳಿ ಸೂಪ್ ಹೇಳಿದೆ. ಎತ್ತರಕ್ಕೆ ಬೆಳ್ಳುಳ್ಳಿ ಒಳ್ಳೆಯದು ಅಂತ ಆ ದಾರಿಯಲ್ಲಿ ಎಲ್ಲರೂ ಹೇಳುತ್ತಾರೆ. ಸೂಪ್ ಬಂತು. ಎರಡು ಚಮಚ ಕುಡಿದು ತಟ್ಟೆ ಪಕ್ಕಕ್ಕೆ ಸರಿಸಿದೆ. ಆಮೇಲೆ ನೋಡೋಣ, ಈಗ ಹಸಿವಿಲ್ಲ ಅಂತ ಮನಸ್ಸಿನಲ್ಲೇ ಹೇಳಿಕೊಂಡೆ. ಹಸಿವಿಲ್ಲ. ಈ ಮಾತನ್ನು ಎಲ್ಲೋ ಓದಿದ್ದೀನಲ್ಲ?

ಅಮ್ಮ ಬರೆದದ್ದಕ್ಕೂ ಎತ್ತರದ ಕಾಯಿಲೆಗೂ ಸಂಬಂಧವಿರಲಿಲ್ಲ. ನಾನು ಪರೀಕ್ಷೆಗೆ ಹೋಗುವಾಗಲೂ, ಕೆಲಸಕ್ಕೆ ಸೇರುವಾಗಲೂ ಅದನ್ನೇ ಹೇಳಿದ್ದಳು. ಆದರೆ ನನ್ನ ನಾಲ್ಕು ಸಾಲಿನ ಜೊತೆ ನಾನು ಚೌಕಾಸಿ ಮಾಡಬಹುದಿತ್ತು, ಅವು ನನ್ನವೇ. ಅವಳ ಸಾಲಿನ ಜೊತೆ ಚೌಕಾಸಿ ಯಾವತ್ತೂ ನಡೆದದ್ದಿಲ್ಲ. ಅಲ್ಲೇ ಬೆಂಚಿನ ಮೇಲೆ ಕೂತು ಮಗ್ಗಿ ಶುರು ಮಾಡಿದೆ. ಹದಿಮೂರಾರ್ಲಿ ಎಪ್ಪತ್ತೆಂಟು. ಹದಿಮೂರೇಳ್ಲಿ... ಹದಿಮೂರೇಳ್ಲಿ... ಎಂಬತ್ತೊಂಬತ್ತಾ? ಎಪ್ಪತ್ತೆಂಟಕ್ಕೆ ಹದಿಮೂರು ಕೂಡಿಸೋಕೆ ಬೆರಳು ಮಡಚಬೇಕಾಯಿತು.

ಲಾಡ್ಜಿನ ಯಜಮಾನನ ಹತ್ತಿರ ಹೋಗಿ ಕೆಳಗೆ ಹೋಗ್ತೀನಿ ಅಂದೆ. ಅವನು ಯಾಕೆ ಅಂತ ಕೇಳಲಿಲ್ಲ. ಖಾಲಿ ಗ್ಯಾಸ್ ಸಿಲಿಂಡರ್ ಹೊತ್ತು ಇಳಿಯುತ್ತಿದ್ದ ಒಬ್ಬ ಹುಡುಗನನ್ನು ಕರೆದು ಜೊತೆ ಮಾಡಿದ. ಹುಡುಗ ಸಿಲಿಂಡರಿಗೆ ಹಾಕಿದ ಪಟ್ಟಿಯನ್ನು ಹಣೆಗೆ ಕೊಟ್ಟುಕೊಂಡು, ಕಾಲಿಗೆ ಚಪ್ಪಲಿ ಹಾಕಿಕೊಂಡು, ನನ್ನ ವೇಗಕ್ಕೆ ನಿಧಾನ ಮಾಡುತ್ತಾ ಇಳಿದ. ತಿರುವಿನಲ್ಲಿ ಸಿಲಿಂಡರ್ ಬಂಡೆಗೆ ತಾಗಿ ಗಂಟೆಯ ಹಾಗೆ ಢಣ್ ಅನ್ನುತ್ತಿತ್ತು. ಬೆಳಿಗ್ಗೆ ನಾನು ಹಿಂದೆ ಹಾಕಿ ಬಂದವರೆಲ್ಲ ಈಗ ಎದುರಿಗೆ ಹತ್ತಿ ಬರುತ್ತಿದ್ದರು. ಒಬ್ಬರೂ ಏನೂ ಕೇಳಲಿಲ್ಲ. ಆದರೂ ನಾನು ಎಲ್ಲರಿಗೂ "ಏನೋ ಮರೆತು ಬಂದೆ" ಅನ್ನುವ ಮುಖ ಮಾಡಿದೆ.

ನಾನೂರು ಮೀಟರ್ ಇಳಿದದ್ದಷ್ಟೇ. ಫೇದಿ ಮುಟ್ಟಿ ಒಂದು ತಾಸಿಗೆ ಭಾರ ಅರ್ಧವಾಯಿತು. ಬೆಳಿಗ್ಗೆ ಪೂರ್ತಿ ಹೋಗಿತ್ತು. ಆ ದಿನವೂ ಅಲ್ಲೇ ಉಳಿದೆ. ಬಿಸಿಲಿನಲ್ಲಿ ಕಾಲು ಚಾಚಿ ಕೂತು ಎರಡು ಸಲ ದಾಲ್-ಭಾತ್ ತಿಂದೆ. ಅದು ಬರೀ ಭಾರವೇ ಆಗಿತ್ತಾ, ರಾತ್ರಿ ಅಲ್ಲೇ ಮಲಗಿದ್ದರೂ ಏನೂ ಆಗುತ್ತಿರಲಿಲ್ಲವಾ ಅಂತ ಇಡೀ ದಿನ ತಲೆಯಲ್ಲಿ ಕೊರೆಯುತ್ತಿತ್ತು. ಇವತ್ತಿಗೂ ಉತ್ತರ ಗೊತ್ತಿಲ್ಲ. ಇಳಿದು ಬಂದವರಿಗೆ ಈ ಕಾಟ ತಪ್ಪಿದ್ದಲ್ಲ.

2023ರ ಏಪ್ರಿಲ್‌ನಿಂದ ನೇಪಾಳ ಸರ್ಕಾರ ಚಾರಣಕ್ಕೆ ಬರುವ ವಿದೇಶಿಯರು ಗೈಡ್ ಇಟ್ಟುಕೊಳ್ಳಲೇಬೇಕು ಅಂತ ನಿಯಮ ಮಾಡಿತು. ಅನ್ನಪೂರ್ಣಾ ದಾರಿಯೂ ಅದರಲ್ಲಿದೆ. ಒಬ್ಬೊಬ್ಬರೇ ಹೋಗಿ ಕಾಣೆಯಾಗುವವರನ್ನು ಹುಡುಕಿ ಸಾಕಾಗಿದೆ ಅನ್ನೋದು ಒಂದು ಕಾರಣ. ಅಲ್ಲಿಯವರಿಗೆ ಕೆಲಸ ಸಿಗುತ್ತೆ ಅನ್ನೋದು ಇನ್ನೊಂದು. ನಾನು ಮಾಡಿದ ಹಾಗೆ ಮಾಡ್ತೀನಿ ಅಂತ ಈಗ ಯಾರಾದರೂ ಕೇಳಿದರೆ ಆಗಲ್ಲ ಅನ್ನಬೇಕು. ಹೊಟ್ಟೆ ಉರಿಯುತ್ತೆ, ನಿಜ. ಇಡೀ ದಿನ ಯಾರ ಜೊತೆಗೂ ಮಾತಾಡದೆ, ಯಾರಿಗೂ ಕಾಯದೆ, ಮನಸ್ಸು ಬಂದಲ್ಲಿ ಚಕ್ಕುಲಿ ಪುಡಿ ತಿನ್ನುವ ಸುಖವೇ ಬೇರೆ. ಆದರೆ ನನ್ನ ಚೀಟಿಗೆ ಬಾಯಿ ಇರಲಿಲ್ಲ. "ತಲೆಭಾರ ಅಂದ್ರೂ ಅದೇ ಕಣಮ್ಮ, ಇಳಿ" ಅಂತ ಅದು ಹೇಳಲಿಲ್ಲ. ಗೈಡ್ ಹೇಳುತ್ತಿದ್ದ. ನಿಯಮವನ್ನು ಬೈಯೋಕೆ ನನಗೆ ಬಾಯಿ ಬರಲ್ಲ.

ಹಾಗೆ ಫೇದಿಯಲ್ಲಿ ಒಂದು ದಿನ ಕಳೆದು, ಮರುದಿನ ಬೆಳಗಿನ ಜಾವ ನಾಲ್ಕಕ್ಕೆ ಹೊರಟೆ. ಹುಣ್ಣಿಮೆ ಕಳೆದು ಆರು ದಿನವಾಗಿತ್ತು, ಚಂದ್ರ ಇನ್ನೂ ಮೇಲಿದ್ದ. ಟಾರ್ಚ್ ಆರಿಸಿದರೂ ದಾರಿ ಕಾಣುತ್ತಿತ್ತು. ನೀರಿನ ಬಾಟಲನ್ನು ಜಾಕೆಟ್ ಒಳಗೆ ತಲೆಕೆಳಗಾಗಿ ಇಟ್ಟಿದ್ದೆ. ನೀರು ಮೇಲಿನಿಂದ ಹೆಪ್ಪುಗಟ್ಟುತ್ತೆ, ಮುಚ್ಚಳದ ಕಡೆ ಉಳಿಯಲಿ ಅಂತ. ಹೈ ಕ್ಯಾಂಪ್ ದಾಟಿದ ಮೇಲೆ ಒಂದು ಹೆಜ್ಜೆಗೆ ಒಂದು ಉಸಿರು. ಮಗ್ಗಿ ಹೇಳುತ್ತಾ ಹೋದೆ. ಒಂದು ಸಾಲಿಗೆ ನಾಲ್ಕು ಹೆಜ್ಜೆ. ಈಗ ಪರೀಕ್ಷೆಗಲ್ಲ, ಸುಮ್ನೆ ಲಯಕ್ಕೆ. ಹದಿಮೂರೇಳ್ಲಿ ಬಂದಾಗೆಲ್ಲ ಎದೆ ಸ್ವಲ್ಪ ಡವಗುಟ್ಟುತ್ತಿತ್ತು. ತೊಂಬತ್ತೊಂದು, ತೊಂಬತ್ತೊಂದು.

ಆ ಏರಿನಲ್ಲಿ ಸುಳ್ಳು ಪಾಸ್‌ಗಳು ಎಷ್ಟಿವೆಯೋ. ಇದೇ ತುದಿ ಅಂದುಕೊಂಡು ಹತ್ತಿದರೆ ಆಚೆ ಇನ್ನೊಂದು ದಿಬ್ಬ. ಒಂಬತ್ತು ಇಪ್ಪತ್ತಕ್ಕೆ ಬಣ್ಣದ ಬಾವುಟಗಳ ರಾಶಿ ಕಂಡಿತು. ಕತುಂಗ್ ಕಾಂಗ್, ಯಾಕವಾ ಕಾಂಗ್ ಅನ್ನೋ ಎರಡು ಶಿಖರಗಳ ನಡುವೆ ಅಗಲವಾದ ಬಯಲು, 5416 ಅಂತ ಬರೆದ ಬೋರ್ಡು, ಒಂದು ಟೀ ಅಂಗಡಿ. ಗಾಳಿಯ ಒತ್ತಡ ಸಮುದ್ರ ಮಟ್ಟದ ಅರ್ಧ. ಅಳು ಬರುತ್ತೆ ಅಂತ ಎಲ್ಲರೂ ಹೇಳಿದ್ದರು. ನನಗೆ ಮೂಗು ಸೋರುತ್ತಿತ್ತು, ಅಷ್ಟೇ. ಟೀ ಕುಡಿದೆ. ಯಾರೋ ಫೋಟೊ ತೆಗೆದುಕೊಟ್ಟರು. ಅದರಲ್ಲಿ ನನ್ನ ಕಣ್ಣು ಮುಚ್ಚಿದೆ. ಗಾಳಿ ಏಳುವ ಮೊದಲು ಇಳಿಯಬೇಕು ಅಂತ ಇಪ್ಪತ್ತು ನಿಮಿಷಕ್ಕೇ ಹೊರಟೆ.

ಇಳಿಯೋದರ ಬಗ್ಗೆ ಯಾರೂ ಸರಿಯಾಗಿ ಹೇಳಲ್ಲ. ಒಂದೇ ಸಮನೆ 1600 ಮೀಟರ್‌ಗಿಂತ ಜಾಸ್ತಿ ಇಳಿತ. ಜಲ್ಲಿ, ಸಡಿಲು ಮಣ್ಣು. ನಂದಿ ಬೆಟ್ಟದ ತುದಿಯಿಂದ ಬುಡದವರೆಗೆ ಮೂರು ಸಲ ಇಳಿದ ಹಾಗೆ. ಮೊಣಕಾಲು ನಡುಗಿ, ಕೊನೆಗೆ ಸ್ವಲ್ಪ ದೂರ ಹಿಮ್ಮುಖವಾಗಿ ನಡೆದೆ. ಎದುರಿಗೆ ಮುಸ್ತಾಂಗ್ ಸೀಮೆ, ಹುಲ್ಲಿಲ್ಲದ ಕಂದು ಗುಡ್ಡಗಳು. ಮೂರು ಗಂಟೆಗೆ ಮುಕ್ತಿನಾಥ.

ದೇವಸ್ಥಾನದ ಹಿಂದೆ ಅರ್ಧಚಂದ್ರದ ಗೋಡೆಯಲ್ಲಿ 108 ಧಾರೆಗಳು. ಹಿಮ ಕರಗಿದ ನೀರು. ಜೀಪಿನಲ್ಲಿ ಬಂದ ಭಕ್ತರು ಒದ್ದೆ ಪಂಚೆಯಲ್ಲಿ ಕೂಗುತ್ತಾ ಒಂದರ ಕೆಳಗಿಂದ ಒಂದಕ್ಕೆ ಓಡುತ್ತಿದ್ದರು. ನನ್ನ ಕೈಲಾಗಲಿಲ್ಲ. ಬಲಗೈ ಚಾಚಿ 108ಕ್ಕೂ ಮುಟ್ಟಿಸುತ್ತಾ ನಡೆದೆ. ಅರ್ಧಕ್ಕೇ ಬೆರಳು ಇದೆಯೋ ಇಲ್ಲವೋ ಗೊತ್ತಾಗುತ್ತಿರಲಿಲ್ಲ. ಬಾಟಲಿಗೆ ಸ್ವಲ್ಪ ನೀರು ಹಿಡಿದುಕೊಂಡೆ.

ದಾರಿಯ ಪಕ್ಕ ಹೆಂಗಸರು ಶಾಲಿಗ್ರಾಮ ಹರಡಿಕೊಂಡು ಕೂತಿದ್ದರು. ಕಪ್ಪು ಕಲ್ಲಿನೊಳಗೆ ಸುರುಳಿ ಚಕ್ರ. ಹಿಮಾಲಯ ಏಳುವ ಮೊದಲು ಅಲ್ಲಿದ್ದ ಟೆಥಿಸ್ ಸಮುದ್ರದ ಜೀವಿಗಳ ಅಚ್ಚು ಅದು, 10 ಕೋಟಿ ವರ್ಷಕ್ಕೂ ಹಳೆಯದು. ಶಾಲಿಗ್ರಾಮವನ್ನು ದುಡ್ಡು ಕೊಟ್ಟು ತರಬಾರದು ಅಂತ ಅಮ್ಮ ಮೊದಲೇ ಹೇಳಿದ್ದಳು. ಹಾಗಾಗಿ ನೋಡಿ, ಮುಟ್ಟಿ, ಕೆಳಗಿಟ್ಟೆ. ಸಂಜೆ ಲಾಡ್ಜಿನ ವೈಫೈನಲ್ಲಿ ಫೋನ್ ಮಾಡಿದರೆ ಅವಳ ಮೊದಲ ಪ್ರಶ್ನೆ, "ಊಟ ಆಯ್ತೇನೇ?"

ಹೈ ಕ್ಯಾಂಪಿನ ವಿಷಯ ಅವಳಿಗೆ ಹೇಳಿದ್ದು ದೀಪಾವಳಿ ಕಳೆದ ಮೇಲೆ. ಮನೆಗೆ ಬಂದ ದಿನ ಹೇಳೋ ಧೈರ್ಯ ಇರಲಿಲ್ಲ. ಅವತ್ತು ಬ್ಯಾಗಿನಿಂದ ಬಾಟಲ್ ತೆಗೆದುಕೊಟ್ಟೆ. ಅಮ್ಮ ಎರಡೂ ಕೈಯಲ್ಲಿ ತಗೊಂಡು, ಕಣ್ಣಿಗೆ ಒತ್ತಿಕೊಂಡು, ಮುಚ್ಚಳ ತೆಗೆದು ಮೂಸಿದಳು. ಆ ಬಾಟಲಿನಲ್ಲಿ ಎರಡು ವಾರ ಕ್ಲೋರಿನ್ ಮಾತ್ರೆ ಹಾಕಿ ಹಳ್ಳದ ನೀರು ಕುಡಿದಿದ್ದೆ.

"ಮುಕ್ತಿನಾಥದ ತೀರ್ಥಕ್ಕೆ ಈಜುಕೊಳದ ವಾಸನೆ ಯಾಕೇ ಬರ್ತಿದೆ?" ಅಂದಳು. ಆದರೂ ಒಂದು ಉದ್ಧರಣೆ ತಾನು ತಗೊಂಡು, ಒಂದು ನನಗೆ ಕೊಟ್ಟು, ಉಳಿದದ್ದನ್ನು ಸಣ್ಣ ತಂಬಿಗೆಗೆ ಬಗ್ಗಿಸಿ ದೇವರ ಮುಂದೆ ಇಟ್ಟಳು. ತುಳಸಿಗೆ ಮಾತ್ರ ಹಾಕಲಿಲ್ಲ. ಗಿಡ ಪಾಪ, ಅದಕ್ಕೇನು ಗೊತ್ತು ಅಂದಳು.